ಹುಳು ಮೇಯುವ ಸದ್ದು

ನನ್ನ ಎಡಗಿವಿಯೊಳಗೆ ಯಾವನೋ ಮೋಟಾರು ಹಾಕಿ, ಆಫ್ ಮಾಡುವುದನ್ನು ಮರೆತು ಹೋಗಿದ್ದಾನೆ. ಬೆಳಗಿನಿಂದ ಸಂಜೆತನಕ ಒಂದೇ ಸಮ ಗುಂಯ್! ಸಂತೆಮರಹಳ್ಳಿ ಪಕ್ಕದ ನಮ್ಮೂರಿಗೆ ನಾನು ನೀರುಗಂಟಿ. ಯಾವ ಬೀದಿಗೆ ನೀರು ಬಿಡಬೇಕೆಂಬ ಮಹಾಸಾಮ್ರಾಜ್ಯದ ಚುಕ್ಕಾಣಿ, ಅಂದರೆ ವಾಲ್ವಿನ ಚಕ್ರ, ನನ್ನ ಕೈಯಲ್ಲಿದೆ. ಮೇಲಿನ ಬೀದಿಗೆ ಬಿಟ್ಟರೆ ಕೆಳಗಿನವರು ಬೈಯುತ್ತಾರೆ, ಕೆಳಗೆ ಬಿಟ್ಟರೆ ಮೇಲಿನವರು. (ಇಬ್ಬರೂ ಒಟ್ಟಿಗೆ ಬೈದರೆ ಕರೆಂಟ್ ಹೋಗಿದೆ ಎಂದರ್ಥ.)

ಚಾಮರಾಜನಗರದ ಡಾಕ್ಟರು ಕಿವಿಗೆ ಬೆಳಕು ಬಿಟ್ಟು ನೋಡಿ, "ಕಿವಿಯಲ್ಲಿ ಏನೂ ಕಾಣ್ತಿಲ್ಲ. ಟೆನ್ಷನ್ ಹೆಚ್ಚಾದ್ರೆ ಸದ್ದು ಹೆಚ್ಚುತ್ತೆ, ಸದ್ದು ಹೆಚ್ಚಾದ್ರೆ ಟೆನ್ಷನ್ನೂ ಹೆಚ್ಚುತ್ತೆ. ನಿಶ್ಶಬ್ದದಲ್ಲಿ ಇರಬೇಡಿ, ಮೆಲ್ಲಗೆ ಏನಾದ್ರೂ ಸದ್ದು ಕೇಳ್ತಾ ಇರಲಿ" ಎಂದರು.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. "ಪುಟ್ಟಬಸಮ್ಮ, ನಿಂಗೇನಾರ ಗುಂಯ್ ಅಂತ ಕೇಳ್ತಾ ಅದಾ?"

"ನಿಮ್ ಮಾತು ಕೇಳ್ತಾ ಅದೆ. ಅಷ್ಟು ಸಾಲ್ದಾ?"

ಗಂಡನ ಕಷ್ಟಕ್ಕೆ ಒಂದು ಅಯ್ಯೋ ಎನ್ನಬೇಡವೇ? ನನಗೋ ಹುಚ್ಚು ಹಿಡಿಯುವ ಭಯ. ಒಂದು ದಿನ ನೀರಿನ ಟ್ಯಾಂಕಿನ ಮೇಲೆ ನಿಂತು ಕೆಳಗೆ ನೋಡಿದಾಗ, ಇಲ್ಲಿಂದ ಬಿದ್ದರೆ ಸದ್ದು ನಿಲ್ಲುತ್ತದೆ ಅನ್ನಿಸಿಬಿಟ್ಟಿತು. ಏಣಿ ಹಿಡಿದು ಇಳಿದುಬಂದೆ. ಅದನ್ನು ಯಾರಿಗೂ ಹೇಳಲಿಲ್ಲ.

ಔಷಧಿ ಸಿಕ್ಕಿದ್ದು ಹಿತ್ತಲಿನ ಹುಳುಮನೆಯಲ್ಲಿ. ನನ್ನವಳು ರೇಷ್ಮೆಹುಳು ಸಾಕುತ್ತಾಳೆ. ಹಿಪ್ಪುನೇರಳೆ ಸೊಪ್ಪು ಹಾಕಿದರೆ ಸಾವಿರಾರು ಹುಳುಗಳು ಮೇಯುವ ಸದ್ದು, ಸೋನೆ ಮಳೆ ಸುರಿದಂತೆ. ಅಲ್ಲಿ ಕೂತರೆ ನನ್ನ ಮೋಟಾರು ಮಾಯ! ದಿನಾ ಹೋಗಿ ಕೂರತೊಡಗಿದೆ. ಅವಳ ಕಟ್ಟಪ್ಪಣೆ ಒಂದೇ. "ಕೈಕಾಲು ತೊಳ್ಕೊಂಡು ಬನ್ನಿ. ಬೀಡಿ, ಒಗೆಸೊಪ್ಪು ಮುಟ್ಟಿದ್ರೆ ಬಾಗ್ಲು ದಾಟ್ಬ್ಯಾಡಿ, ಹುಳ ಉಳಿಯಕಿಲ್ಲ."

ಅಷ್ಟರಲ್ಲಿ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತವು. ಪೊರೆ ಬಿಡುವ ಆ ಹೊತ್ತು ಅವು ಮೇಯುವುದಿಲ್ಲ, ಮಿಸುಕುವುದಿಲ್ಲ. ಮನೆಯೆಲ್ಲ ನಿಶ್ಶಬ್ದ, ಕಿವಿಯಲ್ಲಿ ಎರಡರಷ್ಟು ಗುಂಯ್. ಆಗಲೇ ಗುಂಡ್ಲುಪೇಟೆಯಿಂದ ಸೋದರಮಾವ ಮರಿಮಲ್ಲಪ್ಪ ದಯಮಾಡಿಸಿದ.

"ಡಾಕ್ಟ್ರಿಗೇನ್ ಗೊತ್ಲಾ? ಒಗೆಸೊಪ್ಪು ಅರ್ದು ಬಿಸಿ ಎಣ್ಣೇಲಿ ಕಲಸಿ ಕಿವಿಗೆ ಬುಡು. ಥಟ್ಟಂತ ನಿಂತೋಯ್ತದೆ ಕಣ್ಲಾ!"

ಹೆಂಡತಿ ಸೊಪ್ಪಿಗೆ ಹೋಗಿದ್ದಾಗ ಜಗಲಿಯ ಮೇಲೆ ಚಿಕಿತ್ಸೆ ನಡೆಯಿತು. ಅರೆದವನು ನಾನೇ. ಕಿವಿ ಉರಿಯಿತು, ಸದ್ದು ನಿಲ್ಲಲಿಲ್ಲ. ಹಿತ್ತಲಿಗೆ ಬಂದು ನೋಡಿದರೆ ಹುಳುಗಳು ಜ್ವರದಿಂದ ಎದ್ದಿವೆ! ಸಂತೋಷದಲ್ಲಿ ಮೈಮರೆತು, ಹೆಚ್ಚು ಮೇದರೆ ಹೆಚ್ಚು ಸದ್ದು ಎಂಬ ದಿವ್ಯಜ್ಞಾನ ಹೊಳೆದು, ಅದೇ ಕೈಯಲ್ಲಿ ತಟ್ಟೆತಟ್ಟೆಗೂ ಸೊಪ್ಪು ಬಾಚಿ ಹಾಕಿದೆ. ಮೇಯುವ ಸದ್ದಿನ ಮಳೆ ಜೋರಾಗಿ ಶುರುವಾಯಿತು. ನೋಡನೋಡುತ್ತ ನಿಂತಿತು.

ಪುಟ್ಟಬಸಮ್ಮ ಬಂದಾಗ ಹುಳುಗಳು ತಲೆ ಎತ್ತಿ ತೂಗುತ್ತ ಹಸಿರು ನೀರು ಕಕ್ಕುತ್ತಿದ್ದವು. ಅವಳು ನನ್ನ ಕೈ ಹಿಡಿದು ಮೂಸಿದಳು. ಬೈಯಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕೂತಳು.

"ಬಯ್ಯಮ್ಮಿ" ಎಂದೆ.

"ನಾ ಹುಳ ಸಾಕದು ಯಾಕೆ ಅಂತ ಗೊತ್ತಾ?"

"ಗೂಡು ಮಾರಕ್ಕೆ."

"ಗೂಡು ಆಮೇಲೆ. ಅತ್ತೆ ಹಾಸಿಗೆ ಹಿಡಿದ ವರ್ಷದಿಂದ ನಂಗೆ ಎರಡು ಕಿವೀಲೂ ಗುಂಯ್ ಅಂತದೆ. ಇವು ಮೇಯೋವಾಗ ಮಾತ್ರ ಕೇಳಕಿಲ್ಲ."

"ಯಾಕಮ್ಮಿ ಒಂದಿನಾನೂ ಹೇಳ್ನಿಲ್ಲ?"

"ನೀವು ಬಾಯಿ ಮುಚ್ಚಿದ್ರೆ ತಾನೇ ಹೇಳದು?"

ಬಾಯಿ ಮುಚ್ಚಿದೆ. ಹುಳುಮನೆಯಲ್ಲಿ ಸಾಯುತ್ತಿರುವ ಹುಳುಗಳು ಕಕ್ಕಿದ ವಾಸನೆ, ಇಬ್ಬರ ನಡುವೆ ನಿಶ್ಶಬ್ದ. ಸ್ವಲ್ಪ ಹೊತ್ತಿಗೆ ಅವಳು ಎರಡೂ ಕಿವಿ ಒತ್ತಿಕೊಂಡು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರು.

"ಯಾಕೆ ಸುಮ್ನಾದ್ರಿ? ಏನಾರ ಗೊಣಗಿ. ಹುಳ ಇಲ್ದಿದ್ದಾಗೆಲ್ಲ ನಿಮ್ ಗೊಣಗಾಟದಲ್ಲೇ ನಾ ಕಾಲ ಹಾಕಿರದು."

"ನಿಜ್ವಾಗ್ಲೂ? ನನ್ ಮಾತೆಲ್ಲ ಕೇಳುಸ್ಕೊತಿದ್ದಾ?"

"ಒಂದೂ ಇಲ್ಲ. ಹುಳ ಮೇಯ್ದಂಗೆ ಇರ್ತಿತ್ತು, ಅಷ್ಟೆ. ಮಾತಾಡಿ, ನಿಮ್ ಕಾಲ್ ಹಿಡಿತೀನಿ."

ಮದುವೆಯಾದಂದಿನಿಂದ ಮೊದಲ ಬಾರಿಗೆ ಹೆಂಡತಿ ನನ್ನನ್ನು ಮಾತಾಡಿ ಎಂದು ಬೇಡುತ್ತಿದ್ದಳು. ಬಾಯಿ ತೆರೆದೆ. ಒಂದು ಮಾತೂ ಹೊರಡಲಿಲ್ಲ.