ದೀಪ ಆರಿಸಿದವರು ಯಾರು?

“ಇವತ್ತು ಈ ಮನೇಲಿ ಸಿನಿಮಾ ಓಡುತ್ತೆ! ಕ್ಲೈಮ್ಯಾಕ್ಸ್‌ನಲ್ಲಂತೂ ಒಂದು ಕ್ಷಣ ನಿಲ್ಲಲ್ಲ. ನಿಂತರೆ ನನ್ನ ಹೆಸರು ಬದಲಾಯಿಸಿ!”

ಹೀಗೆ ಗುಡುಗಿದ ಮಹಾನುಭಾವನ ಹೆಸರು ಬದಲಾಯಿಸುವುದು ಕಷ್ಟವೇ ಆಗಿತ್ತು, ಏಕೆಂದರೆ ಅದು ಯಾರಿಗೂ ನೆನಪಿರಲಿಲ್ಲ. ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸುತ್ತಲೇ ತಲೆ ಬೋಳಾಗಿಸಿಕೊಂಡ ಆತನನ್ನು ಬೀದಿಯವರೆಲ್ಲ ‘ಆಪರೇಟರ್’ ಎಂದೇ ಕರೆಯುತ್ತಿದ್ದರು. ಹೆಂಡತಿ ಅದೇ ಚಿತ್ರಮಂದಿರದ ಟಿಕೆಟ್ ಕಿಟಕಿಯಲ್ಲಿ ಕೂತವಳು. ಅವಳಿಗೊಂದು ಹಳೆಯ ಕೊರಗು. ಕಿಟಕಿ ಮುಚ್ಚಿ ಒಳಗೆ ಬಂದು ಕೂತರೆ, ಸರಿಯಾಗಿ ಕ್ಲೈಮ್ಯಾಕ್ಸ್ ಹೊತ್ತಿಗೆ ಮುಂದಿನ ಆಟದ ಟಿಕೆಟ್ ಕೊಡಲು ಏಳಬೇಕು! ಅದರಲ್ಲೂ ಒಂದು ಹಳೆಯ ತಮಿಳು ಚಿತ್ರ ಅವಳ ತಲೆಯಲ್ಲಿ ಹುಳುವಾಗಿ ಕೂತಿತ್ತು. ನಾಯಕ ದೀಪಸ್ತಂಭದ ಕಾವಲುಗಾರ. ಬಿರುಗಾಳಿಯ ರಾತ್ರಿ ಅವನ ಹುಡುಗಿಯನ್ನು ದೋಣಿಯಲ್ಲಿ ದೂರ ಸಾಗಿಸುತ್ತಿದ್ದಾರೆ. ದೀಪ ಬಿಟ್ಟು ಓಡಿದರೆ ಹಡಗು ಬಂಡೆಗೆ ಬಡಿಯುತ್ತದೆ, ಬಿಡದಿದ್ದರೆ ಹುಡುಗಿ ಕೈತಪ್ಪುತ್ತಾಳೆ. ಅವನು ದೀಪಕ್ಕೆ ಕೈಯಿಟ್ಟು ಕಡಲು ನೋಡುತ್ತಾನೆ... ಅಷ್ಟರಲ್ಲಿ ಕಿಟಕಿಯ ಮುಂದೆ ಸಾಲು!

“ಕಡೆಗೆ ಅವನು ಯಾವುದನ್ನ ಹಿಡಿದ್ನೋ, ಕರ್ತವ್ಯನೋ ಪ್ರೀತಿನೋ?” ಎಂದು ಅವಳು ಕೇಳಿದಾಗಲೆಲ್ಲ ಆಪರೇಟರ್, “ಹೇಳಿದರೆ ಮಜಾ ಇರಲ್ಲ ಕಣೆ, ಒಂದಿನ ತೋರಿಸ್ತೀನಿ,” ಎನ್ನುತ್ತಿದ್ದ. ಆ ದಿನ ಬಂದಿತ್ತು. ಚಿತ್ರಮಂದಿರ ಮುಚ್ಚಿದ ಮೇಲೆ ಗೆಳೆಯನೊಬ್ಬನ ಗೋದಾಮಿನಲ್ಲಿ ಸೇರಿದ್ದ ಚಿತ್ರದ ಡಬ್ಬಿಗಳನ್ನೂ ಒಂದು ಚಿಕ್ಕ ಪ್ರೊಜೆಕ್ಟರನ್ನೂ ಆತ ಹೊತ್ತು ತಂದಿದ್ದ. ಗೋಡೆಗೆ ಹಾಸಿಗೆಯ ಬಿಳಿ ಹೊದಿಕೆ, ಕಿಟಕಿಗಳಿಗೆ ಕಂಬಳಿ. ಕೊನೆಯ ಎರಡು ರೀಲುಗಳನ್ನು ಅಂಟಿಸಿ ಒಂದೇ ಚಕ್ರಕ್ಕೆ ಸುತ್ತಿದ್ದ. ಕ್ಲೈಮ್ಯಾಕ್ಸಿಗೆ ತಡೆಯೇ ಇರಬಾರದಲ್ಲ!

ಪ್ರೇಕ್ಷಕರು ಇಬ್ಬರು. ಹೆಂಡತಿ ಪರದೆಯ ಮುಂದೆ, ಅತ್ತೆ ಯಂತ್ರದ ಎಡಕ್ಕೆ ಎತ್ತರದ ಸ್ಟೂಲಿನ ಮೇಲೆ.

“ಅಳಿಯಂದಿರೇ, ನಮಗೆ ತಮಿಳು ಬರಲ್ವಲ್ಲ?” ಎಂದರು ಅತ್ತೆ.

“ನಾನಿಲ್ವಾ ಅತ್ತೆ? ತಮಿಳು ನನಗೆ ನೀರು ಕುಡಿದಷ್ಟು ಸುಲಭ!”

ಚಿತ್ರ ಶುರುವಾಯಿತು. ಮುದುಕನೊಬ್ಬ ಬಂದು ಎದೆ ಬಡಿದುಕೊಂಡು ಒಂದು ಗಳಿಗೆ ಗೋಳಾಡಿದ.

“ಹೋಗಿ ಬಾ ಅಂದ,” ಎಂದ ಆಪರೇಟರ್.

“ಅಷ್ಟುದ್ದ ಅತ್ತಿದ್ದಕ್ಕೆ ಇಷ್ಟೇನಾ?”

“ತಮಿಳಲ್ಲಿ ಉದ್ದ, ಅತ್ತೆ, ನಮ್ಮಲ್ಲಿ ಚಿಕ್ಕದು.”

ಆಮೇಲೆ ಹುಡುಗಿ ಒಂದೇ ಒಂದು ಮಾತಾಡಿದಳು. ಆಪರೇಟರ್ ಅದನ್ನು ಮುಂದಿನ ದೃಶ್ಯ ಮುಗಿಯುವವರೆಗೂ ವಿವರಿಸಿದ! ಆತ ಹುಡುಗಿಯ ಅಣ್ಣನೆಂದು ಪರಿಚಯಿಸಿದ್ದ ಮೀಸೆಯವನು ಮೂರನೇ ರೀಲಿನಲ್ಲಿ ಬಂದು ಅವಳ ಬೆರಳಿಗೆ ಉಂಗುರ ತೊಡಿಸಿಬಿಟ್ಟ.

“ಅಯ್ಯೋ ಅನ್ಯಾಯವೇ! ಒಡಹುಟ್ಟಿದವನು...”

“ಇವನು ಬೇರೆ ಅತ್ತೆ! ಡಬಲ್ ಆ್ಯಕ್ಟಿಂಗ್!”

“ಹಾಗಾದರೆ ಆ ಮುದುಕ ಇಬ್ಬರಲ್ಲಿ ಯಾರ ಅಪ್ಪ?”

“ಸುಮ್ನೆ ನೋಡಿ ಅತ್ತೆ, ಮುಂದೆ ತಿಳಿಯುತ್ತೆ.” ಮುಂದೆ ತಿಳಿಯಲೆಂದು ಆತನೂ ಮನಸ್ಸಿನಲ್ಲೇ ಹಾರೈಸುತ್ತಿದ್ದ.

ಅಂತೂ ಕೊನೆಯ ಚಕ್ರ ಏರಿತು. ಬಿರುಗಾಳಿ ಎದ್ದಿತು, ದೋಣಿ ಹೊರಟಿತು. ಹೆಂಡತಿ ಸೆರಗಿನ ತುದಿ ಕಚ್ಚಿಕೊಂಡು ಮುಂದಕ್ಕೆ ಬಾಗಿದಳು. ಇಷ್ಟು ವರ್ಷ ಕಾದ ಗಳಿಗೆ! ನಾಯಕ ದೀಪಕ್ಕೆ ಕೈಯಿಟ್ಟ. ಕಡಲು ನೋಡಿದ. ಬಾಯಿ ತೆರೆದ.

ಆಗ ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿತು.

ಆ ಚುಕ್ಕಿಯ ಮಹಿಮೆ ಆಪರೇಟರುಗಳಿಗೇ ಗೊತ್ತು. ಚಿತ್ರಮಂದಿರದಲ್ಲಿ ಯಂತ್ರಗಳು ಎರಡು. ರೀಲು ಮುಗಿಯುವಾಗ ಚುಕ್ಕಿ ಮಿಂಚಿದರೆ ಈ ಯಂತ್ರದ ದೀಪ ಆರಿಸಬೇಕು, ಎಡಗಡೆಯ ಯಂತ್ರದ ದುಂಡನೆಯ ಗುಬುಟು ತಿರುಗಿಸಿ ಅದನ್ನು ಓಡಿಸಬೇಕು. ಅಂಟಿಸಿದ ರೀಲುಗಳ ನಡುವೆಯೂ ಆ ಚುಕ್ಕಿ ಹಾಗೇ ಉಳಿದಿತ್ತು. ಹುಟ್ಟುಗುಣ ಸುಟ್ಟರೂ ಹೋಗದು! ಬಲಗೈ ದೀಪ ಆರಿಸಿತು. ಎಡಗೈ ಚಾಚಿ, ದುಂಡಗೆ ಸಿಕ್ಕಿದ್ದನ್ನು ಹಿಡಿದು ಬಲವಾಗಿ ತಿರುಗಿಸಿತು.

“ಅಯ್ಯಯ್ಯೋ! ಸತ್ತೆ!” ಕತ್ತಲಲ್ಲಿ ಒಂದು ಹೆಣ್ಣುದನಿ ಚೀರಿತು.

“ದೀಪ ಆರಿಸೇಬಿಟ್ನಾ!” ಹೆಂಡತಿ ಗೋಳಿಟ್ಟಳು. “ಪಾಪ, ಹುಡುಗಿ ಮುಳುಗಿದ್ಲಾ? ಹಾಗಾದರೆ ಪ್ರೀತಿನೂ ಹೋಯ್ತು, ಕರ್ತವ್ಯನೂ ಹೋಯ್ತಲ್ರೀ!”

ಆಪರೇಟರ್ ಗಾಬರಿಯಿಂದ ಮತ್ತೆ ಸ್ವಿಚ್ ಒತ್ತಿದ. ಟಪ್! ಹಳೆಯ ಬಲ್ಬು ಪ್ರಾಣ ಬಿಟ್ಟಿತು. ಚಿತ್ರ ಕಾಣದು, ದನಿ ಮಾತ್ರ ನಿಲ್ಲದು. ಕತ್ತಲಲ್ಲಿ ನಾಯಕ ತಮಿಳಿನಲ್ಲಿ ಉದ್ದಕ್ಕೆ ಏನೋ ಹೇಳಿದ. ನಾಯಕಿ ಏನೋ ಅಂದಳು. ಹಡಗು ಕೂಗಿತು, ಪಿಟೀಲು ಅತ್ತಿತು, ಎಲ್ಲ ಮುಗಿಯಿತು.

“ಏನಂದ? ಬೇಗ ಹೇಳ್ರೀ!”

“ಅದು... ಗಾಳಿ ಜೋರಾಗಿದೆ ಅಂದ.”

“ಅಷ್ಟುದ್ದಕ್ಕೂ ಗಾಳಿನಾ? ತಮಿಳು ಹಾಳಾಗಲಿ, ದಿನಾ ಓಡಿಸ್ತಿದ್ರಲ್ಲ, ಕಣ್ಣಲ್ಲಿ ಕಂಡಿದ್ದಾದರೂ ಹೇಳಿ!”

ಆಪರೇಟರ್ ಕೋಣೆಯ ದೀಪ ಹಾಕಿ ತಲೆ ತಗ್ಗಿಸಿ ನಿಂತ. “ನಾನು ಕಂಡಿದ್ದು ಮೂಲೆಯ ಚುಕ್ಕಿ ಮಾತ್ರ ಕಣೆ. ಚುಕ್ಕಿ ತಪ್ಪಿದರೆ ಜನ ಸೀಟಿ ಹೊಡೀತಿದ್ರು. ಚಿತ್ರ ನೋಡೋಕೆ ಪುರುಸೊತ್ತೆಲ್ಲಿತ್ತು?”

ಅವಳಿಗೆ ಅಳು ಬಂತು. ಅಳುವಿನ ಹಿಂದೆಯೇ ತಡೆಯಲಾಗದ ನಗು ಬಂತು. “ಊರಿಗೆಲ್ಲ ಸಿನಿಮಾ ತೋರಿಸಿದ ಮನೇಲಿ ಕೊನೆ ಕಂಡವರೇ ಇಲ್ಲ! ಅಮ್ಮಾ, ನೀನಾದರೂ ಹೇಳು, ಅವನು ಕಡೆಗೆ ಯಾವುದನ್ನ ಹಿಡಿದ?”

ಸ್ಟೂಲಿನಿಂದ ಜಾರಿ ನೆಲದ ಮೇಲೆ ಕೂತಿದ್ದ ಅತ್ತೆ, ಬಿಚ್ಚಿಹೋದ ಕೂದಲನ್ನು ಗಂಟು ಹಾಕುತ್ತ ಅಳಿಯನನ್ನು ದುರುಗುಟ್ಟಿ ನೋಡಿದರು.

“ಅವನ ಸಂಗತಿ ನನಗೆ ಗೊತ್ತಿಲ್ಲ ಮಗಳೇ. ನಿನ್ನ ಗಂಡ ಹಿಡಿದದ್ದು ಮಾತ್ರ ನನ್ನ ತುರುಬು!”