ಮೈನಾಗೆ ಬ್ಯಾಂಡಿನ ಪಾಠ

ಎರಡು ವರ್ಷದ ಮಗಳನ್ನು ಪುಸ್ತಕ ಓದಿಯೇ ಬೆಳೆಸುತ್ತಿರುವ ತನಗೆ ಮೂರು ವರ್ಷದ ಕುದುರೆ ಯಾವ ಲೆಕ್ಕ ಎಂದು ಸ್ನೇಹಲ್ ಸೋಮವಾರದ ಚಹಾದ ಹೊತ್ತಿಗೆ ಘೋಷಿಸಿಬಿಟ್ಟಳು.

"ಮಾವಾರ, ಮೈನಾನ ನಂಗೆ ಬಿಡ್ರಿ. ಹದಿನೈದೇ ದಿನ. ಪಕ್ಕಾ ಟ್ರೇನ್ ಮಾಡ್ತೀನಿ."

ಲೋಕಲ್ ಟ್ರೇನ್ ಹಿಡಿಯಲು ಹೊರಟಿದ್ದ ಗಂಡ ಸಂತು ಬಾಗಿಲಲ್ಲೇ ನಿಂತ. "ಜಿರಳಿ ಕಂಡ್ರ ಸ್ಟೂಲ್ ಹತ್ತಾಕಿ ನೀ."

"ಜಿರಳೆಗೆ ಮನಸ್ಸಿರಲ್ಲ ರೀ. ಕುದುರೆಗಿರುತ್ತೆ. ನಾನು ಓದಿದೀನಿ."

ಮಾವ ಕಾಶಪ್ಪ ಮುಂಬಯಿಯ ಭಾಂಡುಪ್‌ನಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುವವರು. ಮನೆಯಿದ್ದ ಚಾಳಿನ, ಅಂದರೆ ವಠಾರದ, ಹಿಂದಿನ ತಗಡಿನ ಲಾಯದಲ್ಲಿ ಅವರ ಬಿಳಿ ಕುದುರೆ ಗೌರಿ, ಪಕ್ಕದಲ್ಲಿ ಅವಳ ಮಗಳು ಮೈನಾ. ಗೌರಿ ಇನ್ನೂರು ಮದುಮಕ್ಕಳನ್ನು ಹೊತ್ತರೂ ಒಬ್ಬನನ್ನೂ ಬೀಳಿಸಿದವಳಲ್ಲ. ಮೈನಾ ಮಾತ್ರ ಯಾರ ಮನೆಯ ಕುಕ್ಕರ್ ಸೀಟಿ ಹೊಡೆದರೂ ತಗಡಿಗೆ ಒದೆಯುವಳು. ಬ್ಯಾಂಡಿಗೆ ಬೆದರುವ ಕುದುರೆ ಈ ಕಸುಬಿಗೆ ಬಾರದು. ಈ ಸೀಸನ್ನಿನಲ್ಲಿ ಪಳಗದಿದ್ದರೆ ನಾಶಿಕದ ತೋಟದವರಿಗೆ ಕೊಟ್ಟುಬಿಡುವುದೆಂದು ಕಾಶಪ್ಪ ತೀರ್ಮಾನಿಸಿದ್ದರು.

ಸ್ನೇಹಲ್ ಮುಂದೆ ಬಂದದ್ದು ಅದಕ್ಕೇ. ಮಗಳು ಯಕ್ಷಿತಾ ಊಟಕ್ಕೆ ಬಾಯಿ ತೆರೆಯುತ್ತಿದ್ದುದು ಮೈನಾ ಹುಲ್ಲು ಮೆಲ್ಲುವುದನ್ನು ನೋಡುವಾಗ ಮಾತ್ರ. ಮೈನಾ ಒಂದು ಎಸಳು, ಯಕ್ಷಿತಾ ಒಂದು ತುತ್ತು. ಮೈನಾ ನಾಶಿಕಕ್ಕೆ ಹೋದರೆ ಮಗಳ ಊಟವೂ ಅದೇ ಟೆಂಪೋದಲ್ಲಿ ಹೋದಂತೆ.

ಮೊದಲ ದಿನ ಕಾಶಪ್ಪ ಅಂಗಳದ ಆ ತುದಿಯಲ್ಲಿ ಎಣ್ಣೆ ಡಬ್ಬಿ ಬಾರಿಸಿದರು. ಈ ತುದಿಯಲ್ಲಿ ಹಗ್ಗ ಹಿಡಿದಿದ್ದವಳು ಸ್ನೇಹಲ್. ಏನಾದರೂ ಹಗ್ಗ ಬಿಡಬಾರದು ಎಂದು ಓದಿದ್ದಳು, ಬಿಡಲಿಲ್ಲ. ಒಣಹಾಕಿದ ಬಟ್ಟೆಗಳ ನಡುವೆ ಮೂರು ಸುತ್ತು ಎಳೆಸಿಕೊಂಡು ಬಂದವಳ ಹೆಗಲ ಮೇಲೆ ಪಕ್ಕದ ಮನೆಯ ಸೇವಂತಿಯ ನೈಟಿ ಜರಿಶಾಲಿನಂತೆ ಇಳಿಬಿದ್ದಿತ್ತು.

"ಛಲೋ ಆತು," ಎಂದರು ಕಾಶಪ್ಪ. "ದಿನಾ ಒಂದೊಂದು ಹೆಜ್ಜಿ ಹತ್ರ ಬಂದು ಬಾರಸ್ತೀನಿ. ತಾನ ತಿಳಕೋತೈತಿ."

ಆದರೆ ಸ್ನೇಹಲ್ ಕಂಡದ್ದು ಮೈನಾಳ ಕಿವಿಗಳನ್ನು. ಜ್ವರ ಬಂದ ಮಗುವಿನ ತುಟಿಯಂತೆ ಅವು ನಡುಗುತ್ತಿದ್ದವು. ಮರುದಿನ ಅವಳು ಜರಿಯಂಚಿನ ಕೆಂಪು ಕಿವಿಟೋಪಿ ಹೊಲಿದು ತಂದಳು. ಸಿಂಗಾರ ರೂಢಿಯಾಗಲಿ ಎಂದಳು. ಮಾವ ತಲೆದೂಗಿದರು. ಟೋಪಿಯ ಕೆಳಗೆ, ಬಾಣಂತನದಲ್ಲಿ ಅತ್ತೆ ತನ್ನ ಕಿವಿಗೆ ತುರುಕಿದ್ದಂತೆಯೇ, ಎರಡೂ ಕಿವಿಗೆ ಹಿಡಿ ಹಿಡಿ ಹತ್ತಿ.

ಮೈನಾ ಋಷಿಯಾದಳು. ಡಬ್ಬಿ ಹತ್ತಿರ ಬಂತು, ತಾಟು ಬಂತು, ಹತ್ತನೇ ದಿನ ಢೋಲೇ ಬಂತು. ಮೈನಾ ಹುಲ್ಲು ಮೆಲ್ಲುತ್ತಲೇ ಇದ್ದಳು. "ನಲವತ್ತು ವರ್ಷದಾಗ ಹಿಂಗ ಕಲಿತ ಕುದುರಿ ನೋಡಿಲ್ಲ," ಎಂದು ಕಾಶಪ್ಪ ಚಾಳಿಗೆಲ್ಲ ಹೇಳಿದರು. ಸ್ನೇಹಲ್ ತಲೆ ತಗ್ಗಿಸಿ, ವಿನಯದಿಂದ, ಆ ಹೊಗಳಿಕೆಯನ್ನು ಪೂರ್ತಿಯಾಗಿ ಸ್ವೀಕರಿಸಿದಳು.

ಭಾನುವಾರ ಪಕ್ಕದ ಗಲ್ಲಿಯಲ್ಲೇ ಮದುವೆ. ಗೌರಿಯ ಮೇಲೆ ಮದುಮಗ, ಮುಂದೆ ಬರೀ ಶೋಭೆಗೆ ಮೈನಾ. ಹೊರಡುವ ಗಳಿಗೆಯಲ್ಲಿ ಹುಡುಗನ ಕಡೆಯವರು ಗುಲಾಬಿ ಬಣ್ಣದ ಕಿವಿಟೋಪಿ ತಂದುಕೊಟ್ಟರು. ಕಾಶಪ್ಪ ಕೆಂಪು ಟೋಪಿ ಎಳೆದರು. ಟೋಪಿಯ ಜೊತೆ ಹತ್ತಿಯೂ ಬಂತು. ಮಗಳನ್ನು ಕಂಕುಳಲ್ಲಿಟ್ಟುಕೊಂಡು ಜನರ ಆಚೆ ನಿಂತಿದ್ದ ಸ್ನೇಹಲ್ "ಮಾವಾರ, ರುಕೋ" ಎನ್ನುವಷ್ಟರಲ್ಲಿ ಢೋಲಿಗೆ ಪೆಟ್ಟು ಬಿತ್ತು.

ಮೈನಾ ಗಾಳಿಯಾದಳು. ನೇರವಾಗಿ ಮನೆಯ ಕಡೆಗೆ. ಇನ್ನೂರು ಮದುವೆಗಳಲ್ಲಿ ಸಾಲು ಬಿಟ್ಟು ಕದಲದ ಗೌರಿ ಒಮ್ಮೆ ಮಗಳು ಓಡಿದ ದಿಕ್ಕು ನೋಡಿದಳು. ಆಮೇಲೆ ಮದುಮಗನ ಸಮೇತ ಅವಳ ಹಿಂದೆ ಹೊರಟಳು. ಗೌರಿಯ ಹಿಂದೆ ಬ್ಯಾಂಡು, ಬ್ಯಾಂಡಿನ ಹಿಂದೆ ಬೀಗರು. ಕೊನೆಗೆ ಮೆರವಣಿಗೆ ಸಾಂಗವಾಗಿ ತಲುಪಿದ್ದು ತಗಡಿನ ಲಾಯಕ್ಕೆ. ಗೌರಿ ಮಗಳ ಕುತ್ತಿಗೆ ನೆಕ್ಕುತ್ತಿದ್ದಳು. ಮದುಮಗ ಅವಳ ಬೆನ್ನ ಮೇಲೆ ಕೂತು, ಮುಖದ ಮುಂದಿನ ಹೂಮಾಲೆ ಸರಿಸಿ, "ಅಂಕಲ್, ಮ್ಯಾರೇಜ್ ಹಾಲ್ ಯಹೀ ಹೈ ಕ್ಯಾ?" ಎಂದು ಕೇಳುತ್ತಿದ್ದ.

ಅವನನ್ನು ಆಟೋ ಹತ್ತಿಸಿ ಕಳಿಸಿದ ಮೇಲೆ ಕಾಶಪ್ಪ ಹತ್ತಿಯ ಉಂಡೆ ಮುಂದೆ ಹಿಡಿದರು. "ಎಷ್ಟು ದಿನದಿಂದ?"

"ಎರಡನೇ ದಿನದಿಂದ. ಕಿವಿ ನಡುಗ್ತಿತ್ತು ಮಾವಾರ. ನೋಡೋಕಾಗ್ಲಿಲ್ಲ."

"ಹಂಗಾರ ಇಷ್ಟು ದಿನ ನಾ ಕಲಿಸಿದ್ದು ಹತ್ತಿಗೆ." ಅವರು ಬೈಯಲಿಲ್ಲ, ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. "ಅಂಜೂದು ತಪ್ಪಲ್ಲ, ಯವ್ವಾ. ಅಂಜಬೇಕು, ಅಂಜಿ ಏನೂ ಆಗಲಿಲ್ಲ ಅಂತ ತಿಳೀಬೇಕು. ನೀ ಅದಕ್ಕ ಅಂಜಾಕ ಬಿಡಲಿಲ್ಲ. ನಾಶಿಕದಾವ್ರಿಗೆ ಏನ್ ಹೇಳ್ಲಿ ಈಗ?"

ಸ್ನೇಹಲ್ ಕಂಕುಳಲ್ಲಿದ್ದ ಮಗಳನ್ನು ನೋಡಿದಳು. ಪಾರ್ಕಿನ ಜಾರುಬಂಡೆಯಲ್ಲಿ ಯಕ್ಷಿತಾ ಇಂದಿಗೂ ಜಾರುತ್ತಿದ್ದುದು ಅಮ್ಮನ ತೊಡೆಯ ಮೇಲೆ ಕೂತೇ. ಮಗಳಿಗೆ ಹೆದರಿಕೆ ಎಂದು ಎಲ್ಲರಿಗೂ ಹೇಳುತ್ತಿದ್ದಳು. ಮಗಳನ್ನು ಒಮ್ಮೆಯಾದರೂ ಕೇಳಿದ ನೆನಪಿರಲಿಲ್ಲ.

"ಇನ್ನೊಂದ್ಸಲ, ಮಾವಾರ. ಮೊದಲಿಂದ. ಹತ್ತಿ ಇಲ್ದೆ."

ಮರುದಿನದಿಂದ ಹಗ್ಗ ಕಾಶಪ್ಪನ ಕೈಗೆ, ಡಬ್ಬಿ ಸ್ನೇಹಲಳ ಕೈಗೆ. ಅವಳು ಬಾರಿಸಿದ ಮೆದುವಿಗೆ ಮೈನಾಳಿಗೆ ತೂಕಡಿಕೆ ಬಂತು. ನಾಲ್ಕು ದಿನ ಇದೇ ನಡೆಯಿತು. ಐದನೇ ದಿನ ಹೊಸ್ತಿಲ ಮೇಲೆ ಕೂತಿದ್ದ ಯಕ್ಷಿತಾಗೆ ಬೇಸರವಾಗಿರಬೇಕು. ಅಮ್ಮನ ಕೈಯಿಂದ ಡಬ್ಬಿ ಎಳೆದುಕೊಂಡು, ಸೌಟು ಎರಡೂ ಕೈಯಲ್ಲಿ ಎತ್ತಿ, ಇದ್ದಬದ್ದ ಬಲ ಹಾಕಿ ಬಡಿದಳು.

ಮೈನಾ ಎಗರಿದಳು. ಹಗ್ಗದುದ್ದ ಒಂದು ಸುತ್ತು ಹಾಕಿದಳು. ನಿಂತಳು. ಕಿವಿ ನಡುಗುತ್ತಲೇ ಇದ್ದವು. ಆದರೂ ಕುತ್ತಿಗೆ ಚಾಚಿ ಡಬ್ಬಿಯನ್ನು ದೂರದಿಂದಲೇ ಮೂಸಿದಳು. ಯಕ್ಷಿತಾ ನಕ್ಕು ಮತ್ತೊಮ್ಮೆ ಬಡಿದಳು. ಈ ಸಲ ಮೈನಾ ಕದಲಲಿಲ್ಲ.

"ಇರ್ತಾಳ ಇಕಿ ಇಲ್ಲೇ," ಎಂದು ಕಾಶಪ್ಪ ಕುದುರೆಯ ಹಣೆ ಸವರಿ, ಜೇಬಿನಿಂದ ಬೆಲ್ಲ ತೆಗೆದು ಅದರ ಬಾಯಿಗಿಟ್ಟರು. ಇನ್ನೊಂದು ಚೂರು ಮೊಮ್ಮಗಳಿಗೆ. ಮೂರನೆಯದನ್ನು ಹಿಡಿದುಕೊಂಡು ಸೊಸೆಗಾಗಿ ಸುತ್ತ ಹುಡುಕಿದರು.

ಸ್ನೇಹಲ್ ಗೇಟಿನ ಆಚೆ, ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು.

"ಬಾರವಾ," ಎಂದು ಕಾಶಪ್ಪ ಬೆಲ್ಲವನ್ನು ಅಂಗೈಯಲ್ಲಿಟ್ಟು, ಕುದುರೆಯನ್ನು ಕರೆಯುವಂತೆಯೇ ನಾಲಿಗೆಯಿಂದ ಚ್ಚ್ ಚ್ಚ್ ಎಂದರು.