ಮಾಂಗಲ್ಯವನ್ನೂ ಬಿಡದ ಮಾವ

ನಮ್ಮ ಸೋದರಮಾವ ದೇವರನ್ನು ನಂಬಿದ್ದರೋ ಇಲ್ಲವೋ ಹೇಳಲಾರೆ, ಕುದಿಯುವ ನೀರನ್ನಂತೂ ಮನಸಾರೆ ನಂಬಿದ್ದರು! ಅರವತ್ತರ ದಶಕದಲ್ಲಿ ಹೊಸಕೋಟೆಯಲ್ಲಿ ಆಪರೇಷನ್ ಮಾಡುತ್ತಿದ್ದ ಡಾಕ್ಟರು. ಗಾಯಕ್ಕೆ ಕಾಫಿಪುಡಿ, ಬೂದಿ ಮೆತ್ತುವ ಅಭ್ಯಾಸವನ್ನು ನಮ್ಮ ಕಡೆಯವರಿಂದ ಬೈದು ಬೈದು ಬಿಡಿಸಿದ್ದು ಅವರೇ. ಮೈಯೆಲ್ಲ ಆಸ್ಪತ್ರೆಯ ಕಾರ್ಬಾಲಿಕ್ ಸೋಪಿನ ವಾಸನೆ. ಅವರು ಬಸ್ಸು ಹತ್ತಿದರೆ ಸಾಕು, ಪಕ್ಕದ ಸೀಟಿನವರು ತಮ್ಮ ಕಾಯಿಲೆ ಹೇಳಿಕೊಳ್ಳಲು ಶುರುಮಾಡುತ್ತಿದ್ದರು!

ಅವರ ಮದುವೆಯ ಕಥೆ ಕೇಳಿ. ತಾಳಿ ಕಟ್ಟುವ ಮುಂಚೆ ಅದನ್ನು ತಟ್ಟೆಯಲ್ಲಿಟ್ಟು ಬಂದವರೆಲ್ಲರಿಂದ ಮುಟ್ಟಿಸಿಕೊಂಡು ಬರುತ್ತಾರಲ್ಲ? ಅದರಲ್ಲಿ ಮೂಗು ಒರೆಸಿಕೊಂಡ ಕೈ ಎಷ್ಟೋ, ನಶ್ಯ ಏರಿಸಿದ ಕೈ ಎಷ್ಟೋ! ತಟ್ಟೆ ವಾಪಸು ಬಂದದ್ದೇ ತಡ, ಮಾವ ಅಡುಗೆಯವರಿಂದ ಕುದಿಯುವ ನೀರು ತರಿಸಿ ತಾಳಿಯನ್ನು ಅದರೊಳಗೆ ಬಿಟ್ಟರು. ಪುರೋಹಿತರು ಮುಹೂರ್ತ ಮೀರುತ್ತದೆಂದು ಗೋಳಾಡಿದರು. ಅರಿಶಿನದ ದಾರ ಬಿಳಿಚಿಕೊಂಡಿತು. ಅತ್ತೆ ಮಾತ್ರ ತಲೆ ತಗ್ಗಿಸಿಕೊಂಡು ನಗುತ್ತಿದ್ದರಂತೆ. ಅಷ್ಟು ಶುದ್ಧವಾದ ತಾಳಿ ತಾಲ್ಲೂಕಿನಲ್ಲಿ ಇನ್ಯಾರ ಕೊರಳಲ್ಲಿತ್ತು ಹೇಳಿ?

ನಮ್ಮಕ್ಕ ಎರಡನೇ ಸಲ ಬಸುರಿಯಾದಾಗ ಮಾತ್ರ ಯಾರೂ ನಗಲಿಲ್ಲ. ಮೊದಲ ಮಗು ಹೊಕ್ಕುಳು ಕೀವಾಗಿ ವಾರದೊಳಗೆ ತೀರಿಕೊಂಡಿತ್ತು. ಆಸ್ಪತ್ರೆಯೆಂದರೆ ಹೆದರುತ್ತಿದ್ದ ಅವಳನ್ನು ಮಾವ ಜಡಿಗೇನಹಳ್ಳಿ ಹತ್ತಿರದ ಅಜ್ಜಿಮನೆಗೆ ಕರೆಸಿಕೊಂಡು, ತಾವೂ ರಜೆ ಹಾಕಿ ಬಂದು ಕೂತರು. ಸೀರೆ, ದಾರ, ಬ್ಲೇಡು ಎಲ್ಲ ಹಂಡೆಗೆ ಬಿದ್ದವು. ಅಜ್ಜಿಯ ಕಾಫಿಗೂ ಕಾರ್ಬಾಲಿಕ್ ವಾಸನೆ ಹತ್ತಿತು. ಕೊನೆಗೆ ಸೂಲಗಿತ್ತಿಯ ಉಗುರು ಕತ್ತರಿಸಲು ಹೊರಟರು. ಮುದುಕಿ ಸಿಟ್ಟಾದಳು.

"ನೀನೂ ಇದೇ ಕೈಗೇ ಹುಟ್ಟಿದ್ದು ಕಣಪ್ಪ."

"ಹೆಂಗ್ ಬದುಕಿದ್ನೋ ಇವತ್ಗೂ ಗೊತ್ತಾಗಿಲ್ಲ ಕಣವ್ವ. ಕೈ ಕೊಡು."

ಹೆಣ್ಣು ಮಗು ಹುಟ್ಟಿತು. ಮುಟ್ಟಲು ಬಂದ ನೆಂಟರನ್ನೆಲ್ಲ ಮಾವ ಬಾಗಿಲಲ್ಲೇ ತಡೆದರು. ಅರ್ಧ ಜನ ಮುನಿಸಿಕೊಂಡು ಹೋದರು. ವಾರ ಕಳೆಯಿತು, ಹೊಕ್ಕುಳಬಳ್ಳಿ ಒಣಗಿ ಬಿತ್ತು, ಮಗು ಹಾಲು ಕುಡಿದು ಗುಂಡಗಾಯಿತು. ನಾಮಕರಣದ ದಿನ ಎಲ್ಲರೂ ಸೋಪು ಹಚ್ಚಿ ಕೈ ತೊಳೆದು ಸಾಲಾಗಿ ಮಗುವನ್ನು ಎತ್ತಿಕೊಂಡರು. ಮಾವ ಮಾತ್ರ ಹಿತ್ತಲಲ್ಲಿ ಇನ್ನೂ ಕೈ ತೊಳೆಯುತ್ತಲೇ ಇದ್ದರು. ಅಕ್ಕ ಮಗುವನ್ನು ಅಲ್ಲಿಗೇ ಒಯ್ದಳು. ಅವರು ಹಿಂದಕ್ಕೆ ಸರಿದರು.

"ಹೋದ್ಸಲ ತಡವಾಗಿ ಬಂದ್ಬಿಟ್ಟೆ ಕಣಮ್ಮ. ಆ ಮಗು ಈ ಕೈಯಲ್ಲೇ ಹೋಯ್ತು. ಇದನ್ನ ನನ್ಗೆ ಕೊಡ್ಬೇಡ."

"ಇದು ಉಳಿದಿದ್ದೂ ಆ ಕೈಯಿಂದ್ಲೇ ಅಲ್ವಾ ಮಾವ? ಹಿಡ್ಕೊಳ್ಳಿ," ಅಂದಳು ಅಕ್ಕ.

ಮಾವ ಹಿಡಿದುಕೊಂಡರು. ಎಷ್ಟೋ ಜನರ ಹೊಟ್ಟೆ ಕೊಯ್ದು ಹೊಲಿದ ಕೈಗೆ ಮಗುವಿನ ತಲೆಯನ್ನು ಹೇಗೆ ಆನಿಸಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಅಕ್ಕ ತನ್ನ ಕೈಯನ್ನು ಅವರ ಕೈಯ ಕೆಳಗೆ ಆನಿಸಿ ನಿಂತಳು.